ಕಣ್ಣಿನಲ್ಲಿ ದೋಷವಿಲ್ಲ, ಆದರೂ ಕಾಣುತ್ತಿಲ್ಲ

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಬೋರ್ಡಿನ ಮೇಲೆ ಬರೆದದ್ದು ಎರಡೂ ಕಣ್ಣಿಗೆ ಮಂಜಾಗಿ ಕಾಣುತ್ತದೆ ಎಂದು ಎರಡು ತಿಂಗಳಿಂದ ಹೇಳುತ್ತಿದ್ದಾಳೆ. ಕನ್ನಡಕ ಹಾಕಿದರೂ ಅಷ್ಟೇ. ಕಣ್ಣಿನ ವೈದ್ಯರು ಯಾವ ದೋಷವೂ ಕಾಣುತ್ತಿಲ್ಲವೆಂದು ಹೇಳಿ, ವಿಇಪಿ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಮನೆಯವರು ಅವಳು ನಾಟಕವಾಡುತ್ತಿದ್ದಾಳೆ ಎನ್ನುತ್ತಾರೆ. ಈ ಪರೀಕ್ಷೆಯಿಂದ ನಿಜ ಗೊತ್ತಾಗುವುದೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಎಷ್ಟು ಕಾಣುತ್ತದೆ ಎಂಬುದನ್ನು ರೋಗಿಯ ಮಾತನ್ನಷ್ಟೇ ಅವಲಂಬಿಸದೆ ಅಂದಾಜಿಸುವ ಪರೀಕ್ಷೆಗಳು ಇವೆ. ಆದರೆ ಮಗು ಬೇಕೆಂದೇ ಹಾಗೆ ಹೇಳುತ್ತಿದೆಯೇ ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ನಾಟಕವಾಡುವುದು ಬೇರೆ, ಮನಸ್ಸಿನ ಒತ್ತಡವು ಮಗುವಿಗೇ ಅರಿವಿಲ್ಲದಂತೆ ದೃಷ್ಟಿಯ ತೊಂದರೆಯಾಗಿ ತೋರಿಕೊಳ್ಳುವುದು ಬೇರೆ. ಎರಡನೆಯದರಲ್ಲಿ ಮಗುವಿಗೆ ನಿಜವಾಗಿಯೂ ಮಂಜಾಗಿಯೇ ಕಾಣುತ್ತಿರುತ್ತದೆ.

ವಿಇಪಿಯಲ್ಲಿ ತಲೆಯ ಹಿಂಭಾಗಕ್ಕೆ ಎಲೆಕ್ಟ್ರೋಡುಗಳನ್ನು ಅಂಟಿಸಿ, ಪರದೆಯ ಮೇಲೆ ಚದುರಂಗದ ಮಣೆಯಂಥ ಕಪ್ಪು–ಬಿಳಿ ಚೌಕಗಳನ್ನು ಅದಲುಬದಲು ಮಾಡುತ್ತಾ, ಮಿದುಳಿನ ದೃಷ್ಟಿಭಾಗದಲ್ಲಿ ಏಳುವ ವಿದ್ಯುತ್ ಅಲೆಯನ್ನು ದಾಖಲಿಸುತ್ತಾರೆ. ಮುಖ್ಯ ಅಲೆ ಸಾಮಾನ್ಯವಾಗಿ ಸುಮಾರು 100 ಮಿಲಿಸೆಕೆಂಡಿಗೆ ಬರುತ್ತದೆ. ಮಗು ಬಾಯಿ ಬಿಡಬೇಕಿಲ್ಲವಾದ್ದರಿಂದ ಇದನ್ನು ವಸ್ತುನಿಷ್ಠ ಪರೀಕ್ಷೆ ಎನ್ನುತ್ತೇವಾದರೂ ಆ ಮಾತು ಪೂರ್ತಿ ನಿಜವಲ್ಲ: ನೋಟ ಪರದೆಯಿಂದ ಆಚೀಚೆ ಸರಿದರೆ, ನಿದ್ದೆ ತೂಗಿದರೆ, ಅಲೆ ಕುಗ್ಗುತ್ತದೆ. ಆದ್ದರಿಂದ ವರದಿ ಸರಿಯಾಗಿ ಬಂದರೆ ಅದಕ್ಕೆ ಇರುವ ತೂಕ, ಕೆಟ್ಟದಾಗಿ ಬಂದರೆ ಇರುವುದಿಲ್ಲ.

ಇಷ್ಟು ದೊಡ್ಡ ಯಂತ್ರವಿಲ್ಲದೆಯೂ ನುರಿತ ವೈದ್ಯರು ಬಹಳಷ್ಟು ತಿಳಿದುಕೊಳ್ಳಬಲ್ಲರು. ಏನೂ ಕಾಣುವುದಿಲ್ಲ ಎನ್ನುವವರ ಮುಂದೆ ಪಟ್ಟೆಗಳಿರುವ ಡ್ರಮ್ಮನ್ನು ತಿರುಗಿಸಿದರೆ, ಕಾಣುವ ಕಣ್ಣು ತಡೆಯಲಾರದೆ ಪಟ್ಟೆಗಳ ಹಿಂದೆ ಓಡಿ ಮತ್ತೆ ಹಿಂದಕ್ಕೆ ಜಿಗಿಯುತ್ತದೆ. ನಿಮ್ಮ ಮಗಳಿಗೆ ಒಂದಿಷ್ಟು ಕಾಣುತ್ತಿರುವುದರಿಂದ ಡ್ರಮ್ಮಿನಿಂದ ಹೊಸದೇನೂ ತಿಳಿಯದು. ಅವಳಿಗೆ ಒಪ್ಪುವುದು ಮೂರು ಆಯಾಮದ ಚಿತ್ರಗಳ ಪರೀಕ್ಷೆ. ವಿಶೇಷ ಕನ್ನಡಕ ಹಾಕಿಸಿ, ಯಾವ ವೃತ್ತ ಮೇಲೆದ್ದಂತೆ ಕಾಣುತ್ತದೆ ಎಂದು ಕೇಳುತ್ತಾರೆ. ಅತಿ ಸೂಕ್ಷ್ಮವಾದ ವೃತ್ತಗಳನ್ನೂ ಸರಿಯಾಗಿ ಗುರುತಿಸಿದಳೆಂದರೆ ಎರಡೂ ಕಣ್ಣುಗಳ ದೃಷ್ಟಿ ಚೆನ್ನಾಗಿಯೇ ಇರಬೇಕು. ಅಕ್ಷರಗಳ ಚಾರ್ಟನ್ನು ಕೆಳಗಿನ ಸಣ್ಣ ಸಾಲಿನಿಂದ ಆರಂಭಿಸಿ, ಪ್ರತಿ ಸಾಲಿನಲ್ಲೂ ಧೈರ್ಯ ಹೇಳುತ್ತಾ ಮೇಲಕ್ಕೆ ಬರುವುದೂ ಉಪಯುಕ್ತ. ಗದರಿಸಿದರೆ ಈ ಎರಡೂ ಕೆಡುತ್ತವೆ.

ಒಂದು ಎಚ್ಚರಿಕೆ ಅಗತ್ಯ. ದೋಷ ಕಾಣಲಿಲ್ಲವೆಂದ ಮಾತ್ರಕ್ಕೆ ದೋಷವಿಲ್ಲವೆಂದಲ್ಲ. ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರಕ್ಕೆ, ಬರುವ ಸ್ಟಾರ್‌ಗಾರ್ಡ್ ಎಂಬ ಆನುವಂಶಿಕ ಕಾಯಿಲೆಯ ಆರಂಭದಲ್ಲಿ ಕಣ್ಣಿನ ಒಳಭಾಗ ಸರಿಯಾಗಿಯೇ ಕಾಣಬಹುದು. ಇಂಥ ಮಕ್ಕಳನ್ನು ನಟನೆಯವರೆಂದು ಕಳುಹಿಸಿಬಿಡುವ ಅಪಾಯವಿದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಕೂಡ ಮೊದಲಲ್ಲಿ ಕಣ್ತಪ್ಪಿಸುತ್ತದೆ. ಆದಕಾರಣ ಕಾರ್ನಿಯಾದ ಟೊಪೊಗ್ರಫಿ (ಅದರ ಮೇಲ್ಮೈ ಆಕಾರದ ನಕ್ಷೆ), ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್, ಅಗತ್ಯವೆನಿಸಿದರೆ ಬೆಳಕಿಗೆ ರೆಟಿನಾ ನೀಡುವ ವಿದ್ಯುತ್ ಸ್ಪಂದನೆಯನ್ನು ಅಳೆಯುವ ಇಆರ್‌ಜಿ – ಇವು ಆಗಿವೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ತಲೆನೋವು, ವಾಂತಿ, ಒಂದು ಪಕ್ಕ ಕಾಣದಿರುವುದು ಇದ್ದರೆ ತಡಮಾಡದೆ ತಿಳಿಸಿ.

ಎಲ್ಲವೂ ಸರಿಯಿದ್ದರೆ, ‘ನಿನ್ನ ಕಣ್ಣು ಗಟ್ಟಿಯಾಗಿದೆ, ನಿಧಾನವಾಗಿ ಸರಿಯಾಗುತ್ತದೆ’ ಎಂದು ವೈದ್ಯರಿಂದಲೇ ಅವಳಿಗೆ ಹೇಳಿಸಿ. ಬಹುಪಾಲು ಮಕ್ಕಳು ಹೀಗೆಯೇ ಗುಣವಾಗುತ್ತಾರೆ. ಎರಡು ತಿಂಗಳ ಹಿಂದೆ ಶಾಲೆಯಲ್ಲಿ ಏನಾದರೂ ಬದಲಾಯಿತೇ ಎಂದು ಬಿಡುವಾಗಿ ವಿಚಾರಿಸಿ. ಮನೆಯಲ್ಲಿ ಬೆರಳು ತೋರಿಸಿ ‘ಇದೆಷ್ಟು?’ ಎಂದು ಕೇಳುವುದನ್ನು ಇಂದೇ ನಿಲ್ಲಿಸಿ, ಮರುಪರೀಕ್ಷೆಗೆ ವೈದ್ಯರು ಕೊಟ್ಟ ದಿನಾಂಕವನ್ನು ಮಾತ್ರ ತಪ್ಪಿಸಬೇಡಿ.