ಓದುಗರ ಪ್ರಶ್ನೆಗೆ ಉತ್ತರ: ಮೀಟರ್ ಗೇಜ್ ಹಳಿಯ ಮೇಲೆ ಆಲ್ಪ್ಸ್ ಏರುವ ರೈಲುಗಳು

ಕಳೆದ ಸಂಚಿಕೆಯಲ್ಲಿ ನಾವು ಸ್ವಿಟ್ಜರ್ಲೆಂಡಿನ ಲಾಂಡ್‌ವಾಸರ್ ಸೇತುವೆಯ ಚಿತ್ರವನ್ನು ಪ್ರಕಟಿಸಿದ್ದೆವು. 65 ಮೀಟರ್ ಎತ್ತರದ ಆರು ಕಲ್ಲಿನ ಕಮಾನುಗಳ ಮೇಲೆ ಬಾಗಿ ಸಾಗುವ ಕೆಂಪು ರೈಲೊಂದು ಕಡಿದಾದ ಬಂಡೆಯೊಳಗಿನ ಸುರಂಗವನ್ನು ಹೊಗುವ ಚಿತ್ರ ಅದು. ಅದನ್ನು ನೋಡಿ ನಮ್ಮ ಭಾಗದ ಓದುಗರು ಬರೆದ ಪತ್ರಗಳಿಂದ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ (ಕೊಪ್ಪಳದಿಂದ): ಹುಬ್ಬಳ್ಳಿ–ಹೊಸಪೇಟೆ ನಡುವೆ ಇದ್ದ ಮೀಟರ್ ಗೇಜ್ ಹಳಿಯನ್ನು 1990ರ ದಶಕದಲ್ಲಿ ತೆಗೆದು ಬ್ರಾಡ್ ಗೇಜ್ ಹಾಕಿದರು. ಚಿತ್ರದಲ್ಲಿರುವುದು ಮೀಟರ್ ಗೇಜ್ ಎಂದು ಬರೆದಿದ್ದೀರಿ. ಅಷ್ಟು ಶ್ರೀಮಂತ ದೇಶ ಅದನ್ನು ಇನ್ನೂ ಏಕೆ ಇಟ್ಟುಕೊಂಡಿದೆ?

ಉತ್ತರ: ಕೊಪ್ಪಳದ ನಿಲ್ದಾಣದಲ್ಲಿ ಮೀಟರ್ ಗೇಜ್ ಗಾಡಿ ಹತ್ತಿ ಬೆಳೆದವನಾದ್ದರಿಂದ ನಿಮ್ಮ ಪ್ರಶ್ನೆಯ ಹಿಂದಿರುವ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ನಮ್ಮ ಬಯಲಿನಲ್ಲಿ ಆ ಬದಲಾವಣೆ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ. ಗೇಜ್ ಬದಲಾಗುವ ಊರಿನಲ್ಲಿ ಪ್ರತಿಯೊಂದು ಮೂಟೆಯನ್ನೂ ಇಳಿಸಿ ಮತ್ತೆ ಏರಿಸಬೇಕಾಗಿತ್ತು. ಸ್ವಿಟ್ಜರ್ಲೆಂಡಿನಲ್ಲಿಯೂ ಮುಖ್ಯ ಮಾರ್ಗಗಳು ಮೀಟರ್ ಗೇಜಿಗಿಂತ ಅಗಲವಾದ, ಹಳಿಗಳ ನಡುವೆ 1,435 ಮಿಲಿಮೀಟರ್ ಅಂತರವಿರುವ ಸ್ಟ್ಯಾಂಡರ್ಡ್ ಗೇಜಿನವೇ. ಮೀಟರ್ ಗೇಜ್ ಹೆಚ್ಚಾಗಿ ಉಳಿದಿರುವುದು ಗುಡ್ಡಗಾಡಿನ ಮಾರ್ಗಗಳಲ್ಲಿ. ಚಿತ್ರದಲ್ಲಿದ್ದ ರೇಷ್ಯನ್ ರೈಲ್ವೆಯ ಜಾಲವೇ ಸುಮಾರು 385 ಕಿ.ಮೀ. ಉದ್ದವಿದೆ.

ಅಲ್ಲಿ ಅದು ಉಳಿಯಲು ಕಾರಣ ತಿರುವುಗಳು. ತುಂಗಭದ್ರೆಯ ಕಾಲುವೆ ಗುಡ್ಡದ ಮೈಯನ್ನು ಬಳಸಿ ಹೇಗೆ ಸುತ್ತಿ ಹೋಗುತ್ತದೆಯೋ ಬೆಟ್ಟದ ರೈಲೂ ಹಾಗೆಯೇ ಹೋಗಬೇಕು. ಕಾಲುವೆ ಒಂದೇ ಮಟ್ಟವನ್ನು ಹಿಡಿದು ಸಾಗಿದರೆ ರೈಲು ಸುತ್ತುತ್ತಲೇ ಏರಬೇಕು. ನಮ್ಮ ಬ್ರಾಡ್ ಗೇಜ್ 175 ಮೀಟರಿಗಿಂತ ಕಡಿಮೆ ತ್ರಿಜ್ಯದ ತಿರುವನ್ನು ಒಪ್ಪುವುದಿಲ್ಲ. ಲಾಂಡ್‌ವಾಸರ್ ಸೇತುವೆಯ ಬಾಗು 100 ಮೀಟರ್ ತ್ರಿಜ್ಯದ್ದು, ಅದೇ ರೈಲ್ವೆಯ ಬರ್ನಿನಾ ಮಾರ್ಗದಲ್ಲಿ 45 ಮೀಟರಿನ ತಿರುವುಗಳೂ ಇವೆ. ತಿರುವು ಬಿಗಿಯಾದಷ್ಟೂ ಹಳಿ ಬೆಟ್ಟದ ಮೈಗೆ ಅಂಟಿಕೊಂಡು ಹೋಗುತ್ತದೆ, ಕೊರೆಯಬೇಕಾದ ಸುರಂಗವೂ ಕಟ್ಟಬೇಕಾದ ಸೇತುವೆಯೂ ಕಡಿಮೆಯಾಗುತ್ತವೆ. ಆ ಸೇತುವೆಯಿರುವ, 1903ರಲ್ಲಿ ತೆರೆದ ಆಲ್ಬುಲಾ ಮಾರ್ಗದಲ್ಲಿ ಬೆರ್ಗ್ಯುನ್ ಮತ್ತು ಪ್ರೇಡಾ ಊರುಗಳ ನೇರ ಅಂತರ ಸುಮಾರು 5 ಕಿ.ಮೀ. ಮಾತ್ರ, ಆದರೆ ಎತ್ತರದ ವ್ಯತ್ಯಾಸ 400 ಮೀಟರಿಗೂ ಹೆಚ್ಚು. ಅದನ್ನು ಏರಲು ಹಳಿ ಸುರುಳಿ ಸುರುಳಿಯಾಗಿ, ಒಮ್ಮೆ ಬೆಟ್ಟದ ಒಳಗೂ ಒಮ್ಮೆ ಹೊರಗೂ ತಿರುಗುತ್ತ, 12 ಕಿ.ಮೀ. ಸಾಗುತ್ತದೆ. ಇದನ್ನು ಅಗಲ ಹಳಿಗೆ ಬದಲಿಸಬೇಕಾದರೆ ಇಡೀ ಮಾರ್ಗವನ್ನೇ ಬೇರೆ ಜಾಗದಲ್ಲಿ ಕಟ್ಟಬೇಕಾದೀತು.

ಸಣ್ಣ ಹಳಿಯೆಂದರೆ ಆಟಿಕೆಯ ರೈಲು ಎಂದುಕೊಳ್ಳಬೇಡಿ. 2022ರ ಅಕ್ಟೋಬರ್ 29ರಂದು ಇದೇ ಮಾರ್ಗದಲ್ಲಿ ನಾಲ್ಕು ಬೋಗಿಯ 25 ಗಾಡಿಗಳನ್ನು ಒಂದಕ್ಕೊಂದು ಜೋಡಿಸಿ, ನೂರು ಬೋಗಿಗಳ, ಸುಮಾರು 1.9 ಕಿ.ಮೀ. ಉದ್ದದ ಪ್ರಯಾಣಿಕ ರೈಲನ್ನು ಓಡಿಸಿ ವಿಶ್ವದಾಖಲೆ ಮಾಡಿದರು.

ಪ್ರಶ್ನೆ (ತೋರಣಗಲ್ಲಿನಿಂದ): ಗೋವಾದಿಂದ ನಮ್ಮೂರಿಗೆ ಬರುವ ಕಲ್ಲಿದ್ದಲು ಗಾಡಿಗೆ ಕ್ಯಾಸಲ್‌ರಾಕ್ ಘಟ್ಟದಲ್ಲಿ ಹಿಂಬದಿಗೂ ಬ್ಯಾಂಕರ್ ಎಂಜಿನ್‌ಗಳನ್ನು, ಅಂದರೆ ಗಾಡಿಯನ್ನು ತಳ್ಳುವ ಎಂಜಿನ್‌ಗಳನ್ನು ಹಾಕುತ್ತಾರೆ. ಬರ್ನಿನಾ ಮಾರ್ಗ ಅದಕ್ಕಿಂತ ಎರಡೂವರೆ ಪಟ್ಟು ಕಡಿದಾಗಿದ್ದರೂ ಹಲ್ಲಿನ ಹಳಿಯಿಲ್ಲದೆ (ಎಂಜಿನ್ನಿನ ಹಲ್ಲಿನ ಚಕ್ರ ಕಚ್ಚಿ ಹತ್ತಲು ಹಳಿಗಳ ನಡುವೆ ಹಾಕುವ ಹಲ್ಲಿನ ಪಟ್ಟಿಯಿಲ್ಲದೆ) ಏರುತ್ತದೆ ಎಂಬುದು ನಿಜವೇ?

ಉತ್ತರ: ನಿಜ. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಕ್ಯಾಸಲ್‌ರಾಕ್ ಘಟ್ಟದ ಏರು 37ಕ್ಕೆ 1, ಅಂದರೆ ಸಾವಿರ ಮೀಟರ್ ಸಾಗುವಷ್ಟರಲ್ಲಿ 27 ಮೀಟರ್ ಮೇಲೇರಬೇಕು. ಬರ್ನಿನಾದಲ್ಲಿ ಅದೇ ಸಾವಿರಕ್ಕೆ 70 ಮೀಟರ್. ಒಂದು ಟನ್ ಭಾರವು ಹಿಂದಕ್ಕೆ ಜಾರದಂತೆ ಹಿಡಿದಿಡುವುದಕ್ಕೇ ನಮ್ಮ ಘಟ್ಟದಲ್ಲಿ 27 ಕಿಲೊ, ಅಲ್ಲಿ 70 ಕಿಲೊ ಎಳೆತ ಬೇಕು. ಇನ್ನು ಉಕ್ಕಿನ ಗಾಲಿಯ ಹಿಡಿತವನ್ನು ನೋಡಿ: ಒಣಗಿದ ಹಳಿಯ ಮೇಲೆ ಅದು ತನ್ನ ಮೇಲೆ ಬಿದ್ದ ಭಾರದ ಸುಮಾರು ಕಾಲುಭಾಗದಷ್ಟು ಎಳೆಯಬಲ್ಲದು, ಹಳಿ ಒದ್ದೆಯಾದರೆ ಅದಕ್ಕಿಂತ ಕಡಿಮೆ. 60 ಟನ್ನಿನ ಎಂಜಿನ್ ಹಾಗಿದ್ದರೆ 15 ಟನ್ ಎಳೆತ ಕೊಡುತ್ತದೆ. ಸಾವಿರಕ್ಕೆ 70ರ ಏರಿನಲ್ಲಿ ಅದು ತನ್ನ ಭಾರವೂ ಸೇರಿ 214 ಟನ್ನಿಗಿಂತ ಹೆಚ್ಚು ಒಯ್ಯಲಾರದು. ಸಾವಿರಾರು ಟನ್ ತೂಗುವ ನಿಮ್ಮ ಕಲ್ಲಿದ್ದಲು ಗಾಡಿಗೂ ಬರ್ನಿನಾದ ಗಾಡಿಗೂ ಇರುವ ವ್ಯತ್ಯಾಸ ಇದೇ.

ಆದ್ದರಿಂದ ಅಲ್ಲಿಯವರು ಗಾಡಿಯನ್ನು ಹಗುರವಾಗಿ ಇಡುತ್ತಾರೆ. ಜೊತೆಗೆ ಪ್ರತ್ಯೇಕ ಎಂಜಿನ್ನಿನ ಬದಲು ಪ್ರಯಾಣಿಕರು ಕೂರುವ ಬೋಗಿಗೇ ಮೋಟರು ಹಾಕುತ್ತಾರೆ. ಇದನ್ನೇ ರೈಲ್‌ಕಾರ್ ಎನ್ನುವುದು. ಎಂಜಿನ್ ಎಳೆಯುವ ಗಾಡಿಯಲ್ಲಿ ಬೋಗಿಯ ಭಾರ ಬರೀ ಹೊರೆ, ರೈಲ್‌ಕಾರಿನಲ್ಲಾದರೋ ಅದೇ ಭಾರ ಮೋಟರಿನ ಗಾಲಿಗಳನ್ನು ಹಳಿಗೆ ಒತ್ತಿ ಹಿಡಿತ ಕೊಡುತ್ತದೆ. ಸ್ಟಾಡ್ಲರ್ ಕಂಪನಿ ತಯಾರಿಸಿ 2010ರಲ್ಲಿ ಓಡತೊಡಗಿದ ಅಲ್ಲೆಗ್ರಾ ಎಂಬ ಮೂರು ಬೋಗಿಯ ಗಾಡಿಯ 12 ಅಚ್ಚುಗಳಲ್ಲಿ (ಎರಡು ಗಾಲಿಗಳನ್ನು ಜೋಡಿಸುವ ದಂಡಗಳಲ್ಲಿ) 8 ಅಚ್ಚುಗಳಿಗೆ ಮೋಟರಿದೆ. ಆಲ್ಬುಲಾ ಕಡೆಯ 11,000 ವೋಲ್ಟಿನ ಎಸಿ ವಿದ್ಯುತ್ತಿನಲ್ಲಿಯೂ ಬರ್ನಿನಾದ 1,000 ವೋಲ್ಟಿನ ಡಿಸಿಯಲ್ಲಿಯೂ ಅದು ಓಡುತ್ತದೆ. ಸೇಂಟ್ ಮೊರಿಟ್ಸ್‌ನಿಂದ ಇಟಲಿಯ ತಿರಾನೊವರೆಗಿನ 61 ಕಿ.ಮೀ.ಯಲ್ಲಿ ಮಾರ್ಗದ ನೆತ್ತಿ ಸಮುದ್ರಮಟ್ಟದಿಂದ 2,253 ಮೀಟರ್, ತಿರಾನೊ 429 ಮೀಟರ್ ಎತ್ತರದಲ್ಲಿವೆ.

ನನ್ನನ್ನು ಏರಿಗಿಂತ ಹೆಚ್ಚು ಬೆರಗುಗೊಳಿಸುವುದು ಆ ಇಳಿತ. 1,800 ಮೀಟರ್ ಇಳಿಯುವಾಗ ಗಾಲಿಗೆ ಒತ್ತುವ ಬ್ರೇಕಿನ ತುಂಡುಗಳನ್ನಷ್ಟೇ ನಂಬಿದರೆ ಅವು ಕಾದು ಹಿಡಿತ ಬಿಡುತ್ತವೆ. ಹೊಸ ಗಾಡಿಗಳಲ್ಲಿ ಮೋಟರುಗಳೇ ಇಳಿಯುವಾಗ ಜನರೇಟರುಗಳಾಗಿ ತಂತಿಗೆ ವಿದ್ಯುತ್ತನ್ನು ಹಿಂದಿರುಗಿಸುತ್ತವೆ, ತುರ್ತಿಗೆ ಹಳಿಯನ್ನೇ ಕಚ್ಚುವ ಆಯಸ್ಕಾಂತದ ಬ್ರೇಕುಗಳಿವೆ. ನಮ್ಮ ಹಿರಿಯ ರೈಲ್ವೆ ನೌಕರರು ಚೆನ್ನಾಗಿ ಬಲ್ಲ ವ್ಯಾಕ್ಯೂಮ್ ಬ್ರೇಕನ್ನು ಕೂಡ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬಹುದೆಂಬ ಗುಣಕ್ಕಾಗಿ, ರೇಷ್ಯನ್ ರೈಲ್ವೆ ಬಹುಕಾಲ ಬಳಸಿತು.

ಏರು ಇದಕ್ಕೂ ಹೆಚ್ಚಾದರೆ ಹಲ್ಲು ಬೇಕೇ ಬೇಕು. ಲುಸರ್ನ್ ಬಳಿಯ ಪಿಲಾಟಸ್ ಬೆಟ್ಟದ ರೈಲಿನಲ್ಲಿ (1889) ನೂರು ಮೀಟರಿಗೆ 48 ಮೀಟರ್ ಏರಿದೆ. ಅಲ್ಲಿ ಮೇಲ್ಮುಖ ಹಲ್ಲಿನ ಮೇಲಿಂದ ಚಕ್ರ ಹತ್ತಿ ಹೊರಬರುವ ಭಯವಿದ್ದುದರಿಂದ ಲೋಖರ್ ಎಂಬ ಎಂಜಿನಿಯರ್ ಹಲ್ಲುಗಳನ್ನು ನಡುವಿನ ಪಟ್ಟಿಯ ಎರಡೂ ಪಕ್ಕಕ್ಕೆ ಮಾಡಿ, ಎಡಬಲದಿಂದ ಚಕ್ರಗಳು ಅವನ್ನು ತಬ್ಬಿ ಹಿಡಿಯುವಂತೆ ಮಾಡಿದ.

ಪ್ರಶ್ನೆ (ರಾಯಚೂರಿನ ವಿದ್ಯಾರ್ಥಿನಿಯೊಬ್ಬರಿಂದ): ಅಲ್ಲಿಯ ಎಂಜಿನ್ನುಗಳ ಮೇಲಿರುವ ‘ಜಿಇ 4/4’, ‘ಎಬಿಇ 8/12’ ಎಂಬ ಬರಹದ ಅರ್ಥವೇನು?

ಉತ್ತರ: ‘ಜಿ’ ಎಂದರೆ ಸಣ್ಣ ಹಳಿಯ ಎಂಜಿನ್, ‘ಇ’ ಎಂದರೆ ವಿದ್ಯುತ್, ಮೊದಲಿಗೆ ‘ಎಚ್’ ಇದ್ದರೆ ಹಲ್ಲಿನ ಚಕ್ರವೂ ಇದೆ. ‘ಎ’ ಮತ್ತು ‘ಬಿ’ ಮೊದಲ ಮತ್ತು ಎರಡನೆಯ ದರ್ಜೆಯ ಆಸನಗಳು. ಅಂಕಿಗಳಲ್ಲಿ ಮೊದಲನೆಯದು ಮೋಟರಿರುವ ಅಚ್ಚುಗಳು, ಎರಡನೆಯದು ಒಟ್ಟು ಅಚ್ಚುಗಳು. 1921ರಿಂದ 1929ರವರೆಗೆ ತಯಾರಾದ, ಉದ್ದ ಮೂತಿಯಿಂದಾಗಿ ‘ಮೊಸಳೆ’ ಎಂದೇ ಹೆಸರಾದ 15 ಎಂಜಿನ್ನುಗಳು ‘ಜಿಇ 6/6’ ವರ್ಗದವು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಕಷ್ಟಪಟ್ಟ ದೇಶ ತನ್ನ ಹೊಳೆಗಳ ವಿದ್ಯುತ್ತಿಗೆ ಹೊರಳಿದ ಕಾಲದ ಎಂಜಿನ್ನುಗಳು ಅವು.

ಪ್ರಶ್ನೆ (ಬಳ್ಳಾರಿಯಿಂದ): ಇಂಥ ಎಂಜಿನ್ನನ್ನು ನಮ್ಮ ದೇಶದಲ್ಲಿ ಎಲ್ಲಾದರೂ ನೋಡಬಹುದೇ?

ಉತ್ತರ: ಊಟಿಗೆ ಹೋಗುವಾಗ ಬಸ್ಸನ್ನು ಬಿಟ್ಟು ಮೆಟ್ಟುಪಾಳ್ಯದಲ್ಲಿ ರೈಲು ಹತ್ತಿ. ಅಲ್ಲಿಯ ‘ಎಕ್ಸ್’ ವರ್ಗದ ಉಗಿ ಎಂಜಿನ್ನುಗಳಲ್ಲಿ ಹಳೆಯವನ್ನು ತಯಾರಿಸಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆ. ಆ ಕಾರ್ಖಾನೆ ಸ್ಥಾಪನೆಯಾದ 1871ರಲ್ಲಿಯೇ ಮುಂಬಯಿ ಮತ್ತು ಮದರಾಸಿನ ಹಳಿಗಳು ನಮ್ಮ ರಾಯಚೂರಿನಲ್ಲಿ ಕೂಡಿದವು. ಕಲ್ಲಾರಿನಿಂದ ಕೂನೂರಿನವರೆಗೆ ಮೀಟರ್ ಗೇಜ್ ಹಳಿಯ ನಡುವೆ ಹಲ್ಲಿನ ಪಟ್ಟಿಯಿದ್ದು, ಏರು 12ಕ್ಕೆ 1ರಷ್ಟಿದೆ. ಎಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಎರಡು ಗಾಲಿಗಳನ್ನು ತಿರುಗಿಸುತ್ತವೆ, ಇನ್ನೆರಡು ಹಲ್ಲಿನ ಚಕ್ರವನ್ನು. ಎಂಜಿನ್ ಗಾಡಿಯ ಕೆಳತುದಿಯಲ್ಲಿದ್ದು ಬೋಗಿಗಳನ್ನು ಮೇಲಕ್ಕೆ ತಳ್ಳುತ್ತದೆ. ಕಲ್ಲಾರಿನಲ್ಲಿ ಹಲ್ಲು ಕಚ್ಚುವ ಕ್ಷಣವನ್ನು ನೋಡಬೇಕೆಂದರೆ ಹಿಂದಿನ ಬೋಗಿಯಲ್ಲಿ, ಎಂಜಿನ್ನಿನ ಪಕ್ಕದಲ್ಲೇ ಕುಳಿತುಕೊಳ್ಳಿ.