ಎರಡು ರೂಪಾಯಿಗೆ ಜಗಳ, ಹದಿಮೂರು ಗ್ರಾಂಗೆ ಮೌನ

ಹಾಸನದ ಓದುಗರೊಬ್ಬರ ಪತ್ರ: ತಂಪು ಪಾನೀಯಕ್ಕೆ ‘ಫ್ರಿಜ್ ಚಾರ್ಜ್’ ಎಂದು ಅಂಗಡಿಯವರು ಎಂಆರ್‌ಪಿ ಮೇಲೆ 2 ರೂಪಾಯಿ ಕೀಳುತ್ತಾರೆ, ಬೆಲೆ ಏರಿಕೆಯ ನೆಪದಲ್ಲಿ ಈ ಸುಲಿಗೆ ನಡೆದಿದೆ, ಸರ್ಕಾರ ದಿನಸಿಯ ಬೆಲೆಯನ್ನೆಲ್ಲ ಕಟ್ಟಿಹಾಕಬೇಕು.

ನಿಮ್ಮ ಸಿಟ್ಟು ನ್ಯಾಯವಾದದ್ದು. ಕೂತು ತಿನ್ನುವ ಹೋಟೆಲು ನೀರಿನ ಬಾಟಲಿಗೆ ಹೆಚ್ಚು ತೆಗೆದುಕೊಳ್ಳಬಹುದು, ಅಲ್ಲಿ ಸೇವೆಯೂ ಸೇರಿದೆ ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಗಡಿಗೆ ಆ ರಿಯಾಯಿತಿ ಇಲ್ಲ. ಎಂಆರ್‌ಪಿಯಲ್ಲಿ ತೆರಿಗೆಯೆಲ್ಲ ಸೇರಿರುತ್ತದೆ. ಅಚ್ಚಾದ ಬೆಲೆಯನ್ನು ಅಳಿಸುವುದೂ ಅದರ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸುವುದೂ ತಪ್ಪು. ಬಿಲ್ ಇಲ್ಲದೆ ದೂರು ನಿಲ್ಲುವುದು ಕಷ್ಟ, ಆದ್ದರಿಂದ ಕೇಳಿ ಪಡೆಯಿರಿ. ಬೆಲೆ, ತೂಕ ಕಾಣುವಂತೆ ಪೊಟ್ಟಣದ ಫೋಟೊ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಅಥವಾ ಜಿಲ್ಲೆಯ ಕಾನೂನು ಮಾಪನಶಾಸ್ತ್ರ (ತೂಕ, ಅಳತೆ) ಕಚೇರಿಗೆ ಕೊಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೇ ಇಲ್ಲ.

ಬೆಲೆ ಕಟ್ಟಿಹಾಕುವ ಮಾತಿಗೆ ಬಂದರೆ, 2023ರ ಜೂನ್‌ನಲ್ಲಿ ತೊಗರಿ, ಉದ್ದಿಗೆ ಕೇಂದ್ರ ದಾಸ್ತಾನು ಮಿತಿ ಹಾಕಿತು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಅದು ಗೋದಾಮಿನ ಬಾಗಿಲು ತೆರೆಸುವ ಕ್ರಮ, ಬೇಕಾದದ್ದೇ. ಆದರೆ ಬಿಸ್ಕತ್ತಿನ ಎಂಆರ್‌ಪಿ ಎಷ್ಟಿರಬೇಕೆಂದು ಕಾನೂನು ಹೇಳುವುದಿಲ್ಲ. ಅದನ್ನು ಬರೆಯುವುದು ಕಂಪನಿ, ನಿಮ್ಮ ಬೀದಿಯ ಶೆಟ್ಟರಲ್ಲ.

ಗೋಧಿ, ತಾಳೆ ಎಣ್ಣೆ ತುಟ್ಟಿಯಾದರೆ ಕಂಪನಿಗೂ ಖರ್ಚು ಏರುತ್ತದೆ, ಒಪ್ಪೋಣ. ಹಾಗಿದ್ದರೆ ಬೆಲೆ ಏರಿಸಿ ಎದುರಿಗೆ ಹೇಳಲಿ. 10 ರೂಪಾಯಿಯ ಪೊಟ್ಟಣದ ಬಣ್ಣ, ಅಗಲ ಹಾಗೇ ಇಟ್ಟು 65 ಗ್ರಾಂ ಇದ್ದದ್ದನ್ನು 52ಕ್ಕೆ ಇಳಿಸಿದರೆ ತೂಕ ಕಡಿಮೆಯಾದದ್ದು ಶೇ 20, ಗ್ರಾಂ ಲೆಕ್ಕದಲ್ಲಿ ಬೆಲೆ ಏರಿದ್ದು ಶೇ 25. ಎಣ್ಣೆ ಅಗ್ಗವಾದ ಮೇಲೆ ಆ 13 ಗ್ರಾಂ ಹಿಂತಿರುಗಿತೇ ಎಂದು ಯಾರು ನೋಡುತ್ತಾರೆ? 2 ರೂಪಾಯಿಗೆ ಅಂಗಡಿಯವನ ಜೊತೆ ಜಗಳವಾಡುವ ನಾವು ಪೊಟ್ಟಣದ ತೂಕವನ್ನು ಓದುವುದೇ ಇಲ್ಲ. ನೀವೂ ಓದಿಲ್ಲ, ನಿಮ್ಮ ಎರಡು ಪುಟದ ಪತ್ರದಲ್ಲಿ ತೂಕದ ಮಾತೇ ಇಲ್ಲ.

ಹಿಂದೆ ಬಿಸ್ಕತ್ತು, ಚಹಾ, ಅಡುಗೆ ಎಣ್ಣೆಯಂಥವಕ್ಕೆ ನಿಗದಿತ ತೂಕಗಳ ಪಟ್ಟಿಯಿತ್ತು. ಅದನ್ನು ತೆಗೆದು ಯೂನಿಟ್ ಬೆಲೆ, ಅಂದರೆ ಒಂದು ಗ್ರಾಂ ಅಥವಾ ಒಂದು ಕಿಲೋದ ಬೆಲೆ, ಅಚ್ಚಾಗುವುದನ್ನು ಕಡ್ಡಾಯ ಮಾಡಿದರು. ಎಂಆರ್‌ಪಿಯ ಹತ್ತಿರ ಸಣ್ಣಕ್ಷರದಲ್ಲಿ ‘ಯುಎಸ್‌ಪಿ’ (ಯೂನಿಟ್ ಸೇಲ್ ಪ್ರೈಸ್) ಎಂದು ಹುಡುಕಿ. ಕಿಲೋಗಿಂತ ಕಡಿಮೆ ತೂಕಕ್ಕೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ. ಎಡವುವುದು ಇಲ್ಲೇ. ಒಂದರ ಮೇಲೆ ಗ್ರಾಂಗೆ 0.24, ಇನ್ನೊಂದರ ಮೇಲೆ ಕಿಲೋಗೆ 230 ಎಂದಿದ್ದರೆ ಮೊದಲನೆಯದೇ ಅಗ್ಗ ಎನಿಸುತ್ತದೆ. ಸಾವಿರದಿಂದ ಗುಣಿಸಿದರೆ ಅದು ಕಿಲೋಗೆ 240. ದಶಾಂಶ ಎರಡೇ ಸ್ಥಾನದ್ದಾದ್ದರಿಂದ ಈ 240 ನಿಜದಲ್ಲಿ 235ರಿಂದ 245ರ ನಡುವೆ ಎಲ್ಲಾದರೂ ಇರಬಹುದು. ಹತ್ತಿರದ ಬೆಲೆಗಳಿದ್ದರೆ ಎಂಆರ್‌ಪಿಯನ್ನು ಗ್ರಾಂನಿಂದ ನೀವೇ ಭಾಗಿಸಿ.

ಇಷ್ಟೆಲ್ಲ ಓದಬೇಕಾದದ್ದು ಯಾವ ಭಾಷೆಯಲ್ಲಿ? ಈ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು ಎನ್ನುತ್ತವೆ 2011ರ ಪೊಟ್ಟಣ ನಿಯಮಗಳು. ಕನ್ನಡ ಬೇಕಾದರೆ ಜೊತೆಗಿರಬಹುದಂತೆ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಆದೇಶಿಸಿತು. ಹೊರಗಿನಿಂದ ಬರುವ ಸರಕಿಗೆ ಅದು ತಟ್ಟುವುದಿಲ್ಲ. ಕನ್ನಡವಷ್ಟೇ ಬಲ್ಲ ಹೆಣ್ಣುಮಗಳು ಹಿಟ್ಟಿನ ಚೀಲದ ತೂಕ, ದರ ಓದಲಾಗದೆ ದುಡ್ಡು ಕೊಡುತ್ತಿದ್ದಾಳೆ. ನಿಮ್ಮ ಮುಂದಿನ ಪತ್ರವನ್ನು ನಮಗಲ್ಲ, ನಿಮ್ಮ ಸಂಸದರಿಗೆ ಬರೆಯಿರಿ. ಕೇಂದ್ರದ ಆ ಪೊಟ್ಟಣ ನಿಯಮಗಳಲ್ಲಿ ರಾಜ್ಯದ ಭಾಷೆಯನ್ನು ಕಡ್ಡಾಯ ಮಾಡಿಸಿ ಎಂದು ಕೇಳಿ.