ಕೈತಪ್ಪಿ ಲೋಟ ಒಡೆದಾಗ ಕ್ಯಾಂಟನೀಸ್‌ನಲ್ಲಿ ಏನನ್ನಬೇಕು?

ಪ್ರಶ್ನೆ: ಕೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಬಂದು ಆರು ತಿಂಗಳಾಯಿತು. ಮೊನ್ನೆ ಆಫೀಸಿನಲ್ಲಿ ಲೋಟ ಬೀಳಿಸಿ, ಪುಸ್ತಕದಲ್ಲಿ ಕಲಿತಿದ್ದ ‘ಪತ್ ಸಿಯು ಸಮ್’ ಅಂದೆ. ಪಕ್ಕದವರು ‘ನ್ಯೂಸ್ ಓದ್ತಿದ್ದೀರಾ?’ ಎಂದು ನಕ್ಕರು. ನಾನು ಹೇಳಿದ್ದು ತಪ್ಪೇ?

ಉತ್ತರ: ವ್ಯಾಕರಣದಲ್ಲಿ ತಪ್ಪಿಲ್ಲ, ಜಾಗ ತಪ್ಪಿತು ಅಷ್ಟೇ. ‘ಸಿಯು ಸಮ್’ ಅಂದರೆ ಎಚ್ಚರ. ಅದರ ಮುಂದಿನ ‘ಪತ್’ ಬರಹದ ‘ಇಲ್ಲ’. ಹಾಂಗ್‌ಕಾಂಗ್‌ನವರು ಆಡುವುದು ಕ್ಯಾಂಟನೀಸ್. ಶಾಲೆಯಲ್ಲಿ, ಪತ್ರಿಕೆಯಲ್ಲಿ ಬರೆಯುವುದು ಮಾಂಡರಿನ್ (ಚೀನಾದ ಅಧಿಕೃತ ಭಾಷೆ) ವ್ಯಾಕರಣದ ಶಿಷ್ಟ ಚೀನೀ. ಆ ಬರಹವನ್ನೂ ಕ್ಯಾಂಟನೀಸ್ ಉಚ್ಚಾರದಲ್ಲೇ ಓದುವುದರಿಂದ ಹೊಸಬರಿಗೆ ಎರಡೂ ಒಂದೇ ಅನ್ನಿಸುತ್ತದೆ. ಹಾಂಗ್‌ಕಾಂಗ್‌ನವರ ಕಿವಿಗೆ ಮಾತ್ರ ನಿಮ್ಮ ‘ಪತ್ ಸಿಯು ಸಮ್’, ಅಡುಗೆಮನೆಯಲ್ಲಿ ನಿಂತು ‘ನನ್ನ ಅಜಾಗರೂಕತೆಯಿಂದ ಲೋಟವು ಭಗ್ನವಾಯಿತು’ ಅಂದಂತೆ ಕೇಳಿಸುತ್ತದೆ.

ಬಾಯಿಮಾತಿನ ‘ಇಲ್ಲ’ ಎಂದರೆ ‘ಮ್’. ತುಟಿ ಮುಚ್ಚಿ, ದನಿ ತಗ್ಗಿಸಿ ಹೇಳಬೇಕು. ‘ಮ್ ಸಿಯು ಸಮ್’ ಅಂದಿದ್ದರೆ ಯಾರೂ ನಗುತ್ತಿರಲಿಲ್ಲ. ಆದರೂ ಅದರಲ್ಲಿ ‘ನಾನು ಎಚ್ಚರ ತಪ್ಪಿದೆ’ ಎಂಬ ಒಪ್ಪಿಗೆ ಇದೆ. ಲೋಟದಂಥ ಸಣ್ಣ ವಿಷಯಕ್ಕೆ ನನಗೆ ಹೆಚ್ಚು ಇಷ್ಟವಾಗುವುದು ‘ಮ್ ಕೋಕ್ ಯೀ’: ಗಮನಕ್ಕೇ ಬರದೆ ಆಗಿಹೋಯಿತು ಎಂಬ ಅರ್ಥ. ಅಪ್ಪಟ ಆಡುಮಾತು. ಎರಡನ್ನೂ ಕ್ರಿಯಾಪದಕ್ಕಿಂತ ಮೊದಲೇ ಇಡಿ: ‘ಙೋ ಮ್ ಕೋಕ್ ಯೀ ಚಿಂಗ್ ಲಾನ್ ಚೋ ಚೆಕ್ ಪುಯ್’, ಗೊತ್ತಾಗದೆ ಲೋಟ ಒಡೆದುಬಿಟ್ಟೆ.

ಕನ್ನಡದವರಿಗೆ ತಕ್ಷಣ ಹತ್ತಿರವಾಗುವ ಪದ ಇನ್ನೊಂದಿದೆ, ‘ಛೋ ಸವ್’. ‘ಛೋ’ ತಪ್ಪು, ‘ಸವ್’ ಕೈ. ನಮ್ಮ ‘ಕೈತಪ್ಪಿ’ಯೇ! ಮೊಬೈಲಿನಲ್ಲಿ ಬೇಡದ ಮೆಸೇಜ್ ಬದಲು ಬೇಕಾದದ್ದೇ ಡಿಲೀಟ್ ಆದರೂ ಇದನ್ನು ಹೇಳಬಹುದು. ಕಾಲು ಜಾರಿ ಬಿದ್ದದ್ದಕ್ಕೆ ಒಗ್ಗದು.

ಎದುರಿನವರು ಮುಖ ಸಿಂಡರಿಸಿದರೆ ‘ಮ್ ಹೈ ತಕ್ ತಂಗ್ ಕಾ’ ಅನ್ನಿ, ಬೇಕಂತ ಮಾಡಿದ್ದಲ್ಲ. ಈ ‘ತಕ್ ತಂಗ್’ಗೆ ಬರಹದ ಜೋಡಿ ‘ಕೂ ಯೀ’. ಅದು ಮಾತಿನಲ್ಲೂ ನಡೆಯುತ್ತದೆ, ಕೊಂಚ ಗಂಭೀರ. ‘ಛುಕ್ ಯೀ’ ಮಾತ್ರ ಪೊಲೀಸು, ಕೋರ್ಟಿನ ‘ಉದ್ದೇಶಪೂರ್ವಕ’. ಲೋಟದ ವಿಷಯಕ್ಕೆ ಅದನ್ನು ತರಬೇಡಿ.

ಇಷ್ಟಾದ ಮೇಲೆ ‘ಪತ್’ ಅನ್ನು ಬಾಯಿಂದ ಪೂರ್ತಿ ಓಡಿಸಲೂ ಹೋಗಬೇಡಿ. ‘ಪತ್ ಕ್ವೋ’ (ಆದರೆ) ಎಂಬುದು ದಿನವಿಡೀ ಕೇಳುವ ಮಾತು. ಆಫೀಸಿಗೆ ಅಪಘಾತದ ವರದಿ ಬರೆಯುವಾಗಲಂತೂ ‘ಪತ್ ಸಿಯು ಸಮ್’, ಇನ್ನೂ ಶಿಷ್ಟವಾಗಿ ‘ಪತ್ ಸನ್’, ಇವೇ ಸರಿಯಾದ ಪದಗಳು. ಅಲ್ಲಿ ‘ಮ್ ಕೋಕ್ ಯೀ’ ಬರೆದರೆ ತಿದ್ದಿಸಿಕೊಳ್ಳಬೇಕಾದೀತು.